ರಿಕಿಂಬಿಲಿ ಜಾರುತ್ತಿದ್ದ ಭಾನುವಾರಗಳು

ಭಾನುವಾರ ಬೆಳಗಿನ ಕಾಫಿ ಇಳಿಯುವ ಹೊತ್ತಿಗೆ ಎವೆಲಿಯೊನ ರಿಕಿಂಬಿಲಿಯ ಸದ್ದು ಹಳೇ ರೈಲು ಹಳಿಯ ಕಡೆಯಿಂದ ಕೇಳಿಸುತ್ತಿತ್ತು. ಸೈಕಲ್ಲಿಗೆ ಇಂಜಿನ್ ಕಟ್ಟಿ ಓಡಿಸುವ ಗಾಡಿಗೆ ನಮ್ಮ ಕಡೆ ಎಲ್ಲರೂ ಹೇಳುವ ಹೆಸರು ಅದು. ಅವನದ್ದು ಕೋಣನಷ್ಟು ಭಾರದ ಚೀನಾ ಸೈಕಲ್ಲು. ಇಂಜಿನ್ನು ಸೊಳ್ಳೆಗೆ ಹೊಗೆ ಬಿಡುವ ಯಂತ್ರದಿಂದ ಬಿಚ್ಚಿದ್ದು, ಪೆಟ್ರೋಲ್ ಟ್ಯಾಂಕು ಪ್ಲಾಸ್ಟಿಕ್ ಬಾಟಲಿ. ಸದ್ದು ಹಳಿ ದಾಟಿ ನಮ್ಮ ಬೀದಿಗೆ ತಿರುಗುತ್ತಿತ್ತು. ಸರಿಯಾಗಿ ನನ್ನ ಬಾಗಿಲ ಮುಂದಿನ ಏರಿನಲ್ಲಿ ಇಂಜಿನ್ನು ಒಂದೇ ಸಮ ಕಿರುಚಿಕೊಳ್ಳುತ್ತಿತ್ತು, ಗಾಡಿ ಮಾತ್ರ ನಿಂತುಬಿಡುತ್ತಿತ್ತು. ಹಿಂದಿನ ಚಕ್ರದ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲುಚಕ್ರ, ಜಾರಿತು ಅಂತ ಅರ್ಥ.

"ಮತ್ತೆ ಜಾರ್ತು ಕಣೇ," ಎನ್ನುತ್ತಾ ಅವನು ಇಳಿದು, ಟೋಪಿ ತೆಗೆದು, ಗಾಡಿಯನ್ನು ನನ್ನ ಅಂಗಳಕ್ಕೆ ತಳ್ಳಿಕೊಂಡು ಬರುತ್ತಿದ್ದ. ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ.

ಎದುರು ಮನೆಯ ಒಬ್ದೂಲಿಯಾ ಕೋಳಿಗಳಿಗೆ ನುಚ್ಚು ಎರಚುತ್ತಾ ಅಲ್ಲಿಂದಲೇ ಕೂಗುತ್ತಿದ್ದಳು. "ಬಂದ ನೋಡಮ್ಮ ನಿನ್ ಮಾಜಿ ಗಂಡ! ಪಟ್ಟಣದಿಂದ ಇಲ್ಲೀತನಕ ಜಾರ್ದೇ ಇರೋ ಚಕ್ರ ನಿನ್ ಬಾಗ್ಲಲ್ಲೇ ಜಾರುತ್ತಲ್ಲ, ಅದಕ್ಕೇನು ಕಣ್ಣಿದ್ಯಾ?"

"ಏರು ಇರೋದು ಇಲ್ಲೇ ಅಲ್ವಾ ಅಕ್ಕ."

"ಹೂಂ ಹೂಂ, ಎಲ್ಲಾ ಏರಿಂದೇ ತಪ್ಪು. ನಾನು ನಿನ್ನೆ ಮೊನ್ನೆ ಹುಟ್ಟಿದವ್ಳು ನೋಡು!"

ನಾನು ನೆರೆಯ್ದಾ. ಸಾಂತಾ ಎನ್‌ಗ್ರಾಸಿಯಾ ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ದುಡಿದವಳು. ಎವೆಲಿಯೊ ಇದೇ ಕಾರ್ಖಾನೆಗೆ ಕಬ್ಬು ಎಳೆದು ತರುವ ರೈಲಿನ ಡ್ರೈವರು, ಮತ್ತು ನನ್ನ ಗಂಡ. ಕಾರ್ಖಾನೆ ಮುಚ್ಚಿತು, ಅದಕ್ಕೂ ಮೊದಲೇ ನಮ್ಮ ಮದುವೆ ಮುಚ್ಚಿತ್ತು. ವಿಚ್ಛೇದನ ಸುಲಭವಾಗಿ ಸಿಕ್ಕಿತು, ಬೇರೆ ಮನೆ ಎಲ್ಲಿಂದ ತರುವುದು? ನಮ್ಮ ದೇಶದ ಕಾನೂನಿನಲ್ಲಿ ಮನೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇದ್ದದ್ದನ್ನು ಇನ್ನೊಬ್ಬರ ಜೊತೆ ಅದಲು ಬದಲು ಮಾಡಿಕೊಳ್ಳಬಹುದು, ಅಷ್ಟೆ. ಹೀಗಾಗಿ ಗಂಡ ಹೆಂಡತಿ ಅಲ್ಲದ ನಾವಿಬ್ಬರು ಒಂದೇ ಸೂರಿನಡಿ ವರ್ಷಾನುಗಟ್ಟಲೆ ಉಳಿದೆವು. ಒಂದು ದಿನ ಕೆಲಸ ಮುಗಿಸಿ ಬಂದರೆ ಮನೆಯ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದು ನಿಂತಿತ್ತು. ಒಲೆ ನನ್ನ ಕಡೆ, ಕಿಟಕಿ ಅವನ ಕಡೆ. "ಏನೋ ಇದು?" ಎಂದರೆ, "ನಿನಗೆ ಅನುಕೂಲ ಆಗ್ಲಿ ಅಂತ," ಎಂದ ಆಚೆಯಿಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾತೇ ಆಡದೆ ಅಡ್ಡಗೋಡೆಯನ್ನೇ ಎಬ್ಬಿಸಿದವನು ಇವನೊಬ್ಬನೇ.

ಕೊನೆಗೆ ಫೆರ್ಮಿನ್ ಎಂಬ ದಲ್ಲಾಳಿ ನಮ್ಮ ಒಂದು ಮನೆಯನ್ನು ಎರಡು ಕೋಣೆಗಳಿಗೆ ಬದಲಾಯಿಸಿಕೊಟ್ಟ. ಪಟ್ಟಣದ ಕೋಣೆ ಎವೆಲಿಯೊಗೆ, ಕಾರ್ಖಾನೆ ಕಾಲೊನಿಯ ಈ ಕೋಣೆ ನನಗೆ. ಪೀಡೆ ತೊಲಗಿತು ಎಂದು ಒಬ್ದೂಲಿಯಾಳ ಜೊತೆ ಒಂದು ಲೋಟ ರಮ್ ಕುಡಿದೆ. ಆಮೇಲೆ ದಿನಾ ಸಂಜೆ ಇಬ್ಬರಿಗಾಗುವಷ್ಟು ಅನ್ನ ಮಾಡಿ ಮಿಕ್ಕಿದ್ದನ್ನು ಅವಳ ಕೋಳಿಗಳಿಗೆ ಹಾಕುತ್ತಿದ್ದೆ. ಅಳತೆ ತಪ್ಪುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಲೇತ್ ಮೇಲೆ ಕೂದಲೆಳೆಯಷ್ಟೂ ಅಳತೆ ತಪ್ಪದಿದ್ದವಳಿಗೆ ಅಕ್ಕಿಯ ಅಳತೆ ತಪ್ಪುತ್ತದೆಯೇ? ಅವನು ಬೇಕಾಗಿತ್ತು ನನಗೆ, ಅದೇ ನಿಜ.

ಕೆಲವು ತಿಂಗಳು ಕಳೆದ ಮೇಲೆ ಅವನ ರಿಕಿಂಬಿಲಿ ನನ್ನ ಬಾಗಿಲಲ್ಲಿ ಮೊದಲ ಸಲ ಜಾರಿತು. ಅಂದಿನಿಂದ ಭಾನುವಾರ ತಪ್ಪಲಿಲ್ಲ.

ಈ ಗಾಡಿಯಲ್ಲಿ ಇಂಜಿನ್ನಿನ ಸ್ಪ್ರಾಕೆಟ್ಟನ್ನು ಹಿಂದಿನ ಚಕ್ರಕ್ಕೆ ಬೆಸೆಯುವುದಿಲ್ಲ. ಚಕ್ರದ ಕಡ್ಡಿಗಳ ಈಚೆಗೊಂದು ಆಚೆಗೊಂದು ರಬ್ಬರ್ ಬಿಲ್ಲೆ ಇಟ್ಟು, ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು, ಬೋಲ್ಟುಗಳಿಂದ ಬಿಗಿಯುತ್ತೇವೆ. ಆ ಹಿಡಿತದ ಮೇಲೇ ಎಲ್ಲಾ ನಿಂತಿರುವುದು. ರಬ್ಬರು ಒಣಗಿದ್ದರೆ ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ಎಣ್ಣೆ ತಾಗಿದರೆ ಮುಗಿಯಿತು. ಇಂಜಿನ್ನು ಚೈನನ್ನು ಎಳೆಯುತ್ತದೆ, ಚೈನು ಸ್ಪ್ರಾಕೆಟ್ಟನ್ನು ತಿರುಗಿಸುತ್ತದೆ, ಚಕ್ರ ಮಾತ್ರ ನನಗೂ ನಿಮಗೂ ಸಂಬಂಧವೇ ಇಲ್ಲ ಎಂದು ನಿಂತಿರುತ್ತದೆ.

ಎಣ್ಣೆ ತಾಗಿಸುತ್ತಿದ್ದವನು ಎವೆಲಿಯೊನೇ. ರೈಲಿನವರಿಗೆ ಅದೊಂದು ರೋಗ. ಕಬ್ಬಿನ ರೈಲಿನ ಹಳೇ ಇಂಜಿನ್ನುಗಳಿಗೆ ಹೊರಡುವ ಮುಂಚೆ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಸಂದಿಗೊಂದಿಗೆಲ್ಲಾ ಸುರಿಯುವುದು ಅವರ ಪೂಜೆ. ಆ ಕೈ ರಿಕಿಂಬಿಲಿಯ ಚೈನಿಗೂ ಹಾಗೇ ಸುರಿಯುತ್ತಿತ್ತು. ಎಣ್ಣೆ ಚೈನಿನಿಂದ ಹಲ್ಲಿಗೆ, ಹಲ್ಲಿನಿಂದ ರಬ್ಬರಿಗೆ ಇಳಿಯುತ್ತಿತ್ತು. ಸುರಿಯಬೇಡ ಎಂದು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಒರೆಸಿ, ಬೋಲ್ಟು ಬಿಗಿದು, ಮುಂದಿನ ಭಾನುವಾರದವರೆಗೆ ತಡೆಯುವಷ್ಟು ಮಾಡಿ ಕಳಿಸುತ್ತಿದ್ದೆ. ಅವನು ಬೇಕೆಂದೇ ಸುರಿಯುತ್ತಿದ್ದನೋ ಎಂದು ಕೆಲವೊಮ್ಮೆ ಅನುಮಾನ ಬರುತ್ತಿತ್ತು. ಬೇಕೆಂದೇ ಆಗಿರಲಿ ಎಂದು ಆಸೆಯೂ ಆಗುತ್ತಿತ್ತು.

ಬರುವಾಗ ಎರಡು ಕೆಸುವಿನ ಗಡ್ಡೆಯೋ ಒಂದು ಗೊನೆ ಬಾಳೆಕಾಯಿಯೋ ತರುತ್ತಿದ್ದ. ತೊಲೆಯ ಮೇಲಿನ ಸಡಿಲ ತಗಡಿಗೆ ಹೇಳದೆ ಕೇಳದೆ ಮೊಳೆ ಹೊಡೆಯುತ್ತಿದ್ದ. ಬಟಾಣಿ ಬೆರೆಸಿದ ರೇಷನ್ ಕಾಫಿ ಕುಡಿದು, ಬಿಸಿಲು ಇಳಿದ ಮೇಲೆ ಹೊರಡುತ್ತಿದ್ದ. ಅಷ್ಟೇ. ಒಂದು ಮಾತಿಲ್ಲ.

ನಾನು ಹಿಬಾರಾದವಳು, ಸಮುದ್ರದ ಊರಿನವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಕಣ್ಣು ಹಾಯಿಸಿದಷ್ಟು ದೂರ ಕಬ್ಬೇ ಕಬ್ಬು. ಬಂದ ಹೊಸದರಲ್ಲಿ ಎವೆಲಿಯೊ ಒಂದು ದಿನ ರೈಲು ನಿಲ್ಲಿಸಿ, ಹಳಿಯ ಮೇಲೆ ನನ್ನನ್ನು ಕೂರಿಸಿ, ಏನೂ ಹೇಳದೆ ಕಣ್ಣಿನ ಮೇಲೆ ಕೈ ಇಟ್ಟ. ಗಾಳಿ ಬೀಸಿತು. ಕಬ್ಬಿನ ಗರಿಗಳು ಎದ್ದವು ಬಿದ್ದವು, ಎದ್ದವು ಬಿದ್ದವು. ಸಮುದ್ರದ್ದೇ ಸದ್ದು! ಅವತ್ತು ಅವನ ಮೌನ ನನಗೆ ಬಂಗಾರದ ಹಾಗೆ ಕಂಡಿತ್ತು. ಬಂಗಾರವನ್ನು ಬೇಯಿಸಿಕೊಂಡು ಉಣ್ಣುವುದಕ್ಕೆ ಆಗುವುದಿಲ್ಲ ಎಂದು ತಿಳಿಯುವುದಕ್ಕೆ ವರ್ಷಗಳು ಹಿಡಿದವು. ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬು ಹೋಗಿ ಹೊಲಗಳಲ್ಲಿ ಮುಳ್ಳುಜಾಲಿ ಹಬ್ಬಿತು. ಜಾಲಿಯ ಮೇಲೆ ಗಾಳಿ ಬೀಸಿದರೆ ಸದ್ದೇ ಇಲ್ಲ.

ಈ ಬೇಸಿಗೆಯಲ್ಲಿ ಫೆರ್ಮಿನ್ ಮತ್ತೆ ಬಂದ. ಹಿಬಾರಾದಲ್ಲಿ ಒಂದು ಕೋಣೆ ಇದೆ, ಬಾಗಿಲು ತೆಗೆದರೆ ನೀರು ಎಂದ. ನಾನು ಅಲ್ಲಿಗೆ, ಅಲ್ಲಿಯವಳು ಮಗಳಿರುವ ಊರಿಗೆ, ಆ ಊರಿನವರು ಇನ್ನೊಂದು ಕಡೆಗೆ, ಹೀಗೆ ಸುತ್ತಿಕೊಂಡು ಕೊನೆಯವನೊಬ್ಬ ನನ್ನ ಈ ಕೋಣೆಗೆ. ಎಲ್ಲರೂ ಒಂದೇ ದಿನ ಜಾಗ ಬದಲಿಸಬೇಕು. ಡೀಸೆಲ್ ಸಿಗದ ಕಾಲ, ಲಾರಿ ಒಂದೇ. ಒಬ್ಬರ ಸಾಮಾನು ಇಳಿಸಿದ ಜಾಗದಲ್ಲೇ ಇನ್ನೊಬ್ಬರದ್ದನ್ನು ಏರಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಯಾರ ಕೋಣೆ ಯಾರಿಗೆ ಎಂಬುದನ್ನು ಫೆರ್ಮಿನ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಜನ ತಾವು ತಾವೇ ಮಾತಾಡಿಕೊಂಡು ಅವನನ್ನು ಕೈಬಿಡುತ್ತಾರೆ ಎಂಬ ಭಯ.

"ಈ ಹಾಳೂರಿಗೆ ಯಾರಪ್ಪಾ ಬರೋದು?" ಎಂದು ಕೇಳಿದೆ.

"ಇದಾನೆ ಒಬ್ಬ. ನೋಡೋದೂ ಬೇಡ, ಆ ಕಾಲೊನೀಲಿ ಕೋಳಿಗೂಡಾದ್ರೂ ಪರವಾಗಿಲ್ಲ ಅಂದ."

"ತಲೆ ನೆಟ್ಟಗಿದ್ಯಾ ಅವನಿಗೆ?"

"ನಿನ್ ತಲೆ ನೆಟ್ಟಗಿದ್ಯಾ, ಈ ವಯಸ್ಸಲ್ಲಿ ಸಮುದ್ರ ಸಮುದ್ರ ಅಂತೀಯಲ್ಲ," ಎಂದು ನಕ್ಕ. "ಗುರುವಾರ ಲಾರಿ. ಗಂಟು ಕಟ್ಟಿಟ್ಕೋ."

ಒಪ್ಪಿಕೊಂಡೆ. ಎವೆಲಿಯೊಗೆ ಹೇಳಿರಲಿಲ್ಲ. ಭಾನುವಾರ ಬಂದಾಗ ಹೇಳೋಣ, ಹೇಳಿ ಅವನ ಮುಖ ನೋಡೋಣ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಗುರುವಾರಕ್ಕೆ ಮೊದಲು ಅವನು ನನ್ನ ಮುಖ ನೋಡಿ, ಬಾಯಿ ಬಿಟ್ಟು, ಒಂದು ಮಾತು ಕೇಳಲಿ. ಯಾವ ಮಾತು ಎಂದು ನನಗೂ ಸ್ಪಷ್ಟ ಇರಲಿಲ್ಲ. ಜೀವನಪೂರ್ತಿ ಕೇಳಿದವಳು ನಾನೇ. ಉಂಡ್ಯಾ, ಯಾವಾಗ ಬರ್ತೀಯ, ಗೋಡೆ ಯಾಕೆ ಕಟ್ಟಿದೆ, ಎಲ್ಲಾ ಪ್ರಶ್ನೆ ನನ್ನವೇ. ಒಂದಾದರೂ ಅವನ ಕಡೆಯಿಂದ ಬರದೆ ನಾನು ಇಲ್ಲಿಂದ ಹೋದರೆ, ಸಮುದ್ರದ ಮುಂದೆ ಕೂತು ಸಹ ಅದನ್ನೇ ಕಾಯುತ್ತಿರುತ್ತೇನೆ ಎಂದು ಗೊತ್ತಿತ್ತು.

ಭಾನುವಾರ ಬಂತು, ರಿಕಿಂಬಿಲಿ ಬಂತು, ಏರಿನಲ್ಲಿ ಜಾರಿತು.

"ಮತ್ತೆ ಜಾರ್ತು ಕಣೇ."

"ಗೊತ್ತು. ಚಕ್ರ ಬಿಚ್ಚು."

"ಚಕ್ರ ಬಿಚ್ಚೋದೇನೂ ಬೇಡ. ಒರೆಸಿ ಬಿಗಿದ್ರೆ ಸಾಕು."

"ಬಿಚ್ಚು ಅಂದೆ."

ಗಾಡಿಯನ್ನು ಬುಡಮೇಲು ಮಾಡಿ ನಿಲ್ಲಿಸಿದೆವು. ಅವನು ಚಕ್ರ ಬಿಚ್ಚಿಕೊಟ್ಟ. ನಾನು ಬೋಲ್ಟುಗಳನ್ನು ಬಿಚ್ಚಿ ಸ್ಪ್ರಾಕೆಟ್ ಹೊರಗೆ ತೆಗೆದೆ. ಒಳಗಿನ ರಬ್ಬರು ಎಣ್ಣೆ ಕುಡಿದು ಉಬ್ಬಿ ಲೋಳೆಯಾಗಿತ್ತು. ಎರಡು ಕಡ್ಡಿಗಳು ಜಾರಿ ಜಾರಿ ಸವೆದು ಅರ್ಧವಾಗಿದ್ದವು. ಇನ್ನು ಎರಡು ವಾರ ಹೀಗೇ ಓಡಿಸಿದ್ದರೆ ದಾರಿಯಲ್ಲಿ, ಆ ಜಾಲಿ ಮುಳ್ಳಿನ ನಡುವೆ, ಚಕ್ರ ಮುದುರಿ ಅವನು ಬೀಳುತ್ತಿದ್ದ. ಎತ್ತುವುದಕ್ಕೆ ಅಲ್ಲಿ ನರಪಿಳ್ಳೆ ಇಲ್ಲ. ನಾನು ಹೋದ ಮೇಲೆ ಇವನ ಗಾಡಿ ನೋಡುವವರು ಯಾರು? ಅದಕ್ಕೇ ಈ ಸಲ ಸರಿಯಾಗಿ ಮಾಡಿ ಕಳಿಸಬೇಕೆಂದು ನಿಶ್ಚಯಿಸಿದ್ದೆ.

ಸವೆದ ಕಡ್ಡಿ ಬದಲಿಸಿ, ಉಳಿದವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪು ನೀರಲ್ಲಿ ತೊಳೆದು, ಬೂದಿ ಹಾಕಿ ಒರೆಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಲಾರಿ ಟೈರಿನ ಪಕ್ಕೆಯ ತುಂಡು ತಂದೆ. ಬಟ್ಟೆ ಒಗೆಯುವಾಗ ಕಾಲಿಗೆ ಕೆಸರು ತಾಗದಿರಲಿ ಎಂದು ಹಾಸಿಕೊಂಡಿದ್ದು ಅದು.

"ಅದು ನೀನು ನಿಂತ್ಕೊಳ್ಳೋ ಟೈರಲ್ವಾ?" ಎಂದ ಎವೆಲಿಯೊ.

ಪ್ರಶ್ನೆ! ಟೈರಿನ ವಿಷಯಕ್ಕಾದರೂ ಬಂತಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. "ಇನ್ಮೇಲೆ ಬೇಕಾಗಲ್ಲ," ಎಂದೆ.

ಚಾಕುವನ್ನು ಸೋಪು ನೀರಿಗೆ ಅದ್ದಿ ಅದ್ದಿ ರಬ್ಬರು ಕೊಯ್ಯತೊಡಗಿದೆ. ಲಾರಿ ಟೈರು ಸುಮ್ಮನೆ ಕೊಯ್ಯಿಸಿಕೊಳ್ಳುವುದಿಲ್ಲ. ಅವನು ಇನ್ನೊಂದು ತುದಿ ಹಿಡಿದು ಎಳೆದು ಕೊಟ್ಟ. ನಮ್ಮ ತಲೆಗಳು ಹತ್ತಿರ ಬಂದವು. ಅವನ ಕುತ್ತಿಗೆಯಲ್ಲಿ ಅದೇ ಹಳೇ ಇಂಜಿನ್ ಎಣ್ಣೆಯ ವಾಸನೆ, ಎಷ್ಟು ತೊಳೆದರೂ ಹೋಗದ್ದು. ಹೇಳಿಬಿಡು ನೆರೆಯ್ದಾ, ಈಗ ಹೇಳಿಬಿಡು ಎಂದುಕೊಂಡೆ. ಅಷ್ಟರಲ್ಲಿ ಅವನೇ ಬಾಯಿ ತೆರೆದ.

"ಇಷ್ಟು ಗಟ್ಟಿ ಮಾಡೋದೇನೂ ಬೇಡ. ಇನ್ಮೇಲೆ ಇಷ್ಟು ದೂರ ಗಾಡಿ ಹೊಡ್ಕೊಂಡ್ ಬರಲ್ಲ ನಾನು."

ಚಾಕು ಅಲ್ಲೇ ನಿಂತಿತು. ಬರುವುದಿಲ್ಲವಂತೆ! ನಾನು ಹೋಗುತ್ತೇನೆ ಎಂದು ಹೇಳುವ ಮೊದಲೇ ಇವನೇ ಬರುವುದಿಲ್ಲವಂತೆ! ಯಾರೋ ಸಿಕ್ಕಿರಬೇಕು ಪಟ್ಟಣದಲ್ಲಿ. ಮುಖ ಮಾತ್ರ ಬಿಗಿಯಾಗೇ ಇಟ್ಟುಕೊಂಡೆ.

"ಒಳ್ಳೇದಾಯ್ತು ಬಿಡು, ನನಗೂ ಭಾನುವಾರ ಬಿಡುವು," ಎಂದೆ.

"ಇಲ್ಲೇ ಬಂದು ಇರ್ತೀನಿ."

"ಎಲ್ಲಿ?"

"ಇಲ್ಲೇ, ಕಾಲೊನೀಲಿ. ಪಟ್ಟಣದ ಕೋಣೆ ಬಿಟ್ಟುಕೊಟ್ಟೆ. ಫೆರ್ಮಿನ್ ಇಲ್ಲೊಂದು ಹುಡುಕಿದಾನೆ. ಗುರುವಾರ ಬರ್ತೀನಿ."

"ಯಾವ ಕೋಣೆ?"

"ನೋಡಿಲ್ಲ. ನಿನ್ನೆ ಸ್ವಲ್ಪ ಬಾಯಿ ಬಿಟ್ಟ. ತಗಡಿನ ಸೂರಂತೆ. ಹಿತ್ತಲಲ್ಲಿ ನೀರಿನ ತೊಟ್ಟಿ ಇದ್ಯಂತೆ, ಕಾರ್ಖಾನೆಯ ಕಾಕಂಬಿ ಪೀಪಾಯಿ ಕೊಯ್ದು ಮಾಡಿದ್ದು."

ಕಾಕಂಬಿ ಪೀಪಾಯಿ ಕೊಯ್ದು ಮಾಡಿದ ತೊಟ್ಟಿ ಈ ಇಡೀ ಕಾಲೊನಿಯಲ್ಲಿ ಒಂದೇ ಇರುವುದು. ಕೊಯ್ದವಳು ನಾನು. ಅವನು ಪ್ರತಿ ಭಾನುವಾರ ಅದರಲ್ಲೇ ಕೈ ತೊಳೆಯುತ್ತಿದ್ದ. ಅದನ್ನು ನಾನು 'ತೊಟ್ಟಿ' ಎನ್ನುತ್ತಿದ್ದೆನೇ ಹೊರತು ಪೀಪಾಯಿಯ ಕಥೆ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಈ ಮನುಷ್ಯ ಯಾವುದನ್ನು ಕೇಳಿದ್ದಾನೆ?

ನಗು ಬಂತು. ನಕ್ಕರೆ ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬರುವ ತನಕ. ಅವನು ಕೊಯ್ದ ರಬ್ಬರು ಹಿಡಿದುಕೊಂಡು ಪೆಚ್ಚಾಗಿ ನೋಡುತ್ತಿದ್ದ.

"ಎವೆಲಿಯೊ," ಎಂದೆ, "ನಿನ್ನ ಹಿಂದೆ ತಿರುಗಿ ನೋಡು. ಆ ತೊಟ್ಟಿ ಅದೇ. ಈ ತಗಡು ಅದೇ, ನೀನೇ ಮೊಳೆ ಹೊಡೆದಿದ್ದು. ಇದೇ ಕಣೋ ನಿನ್ನ ಹೊಸ ಕೋಣೆ. ಗುರುವಾರ ನೀನು ಬರ್ತೀಯ, ನಾನು ಹೋಗ್ತೀನಿ. ಹಿಬಾರಾಕ್ಕೆ."

ಅವನು ತಿರುಗಿ ನೋಡಿದ. ತೊಟ್ಟಿಯನ್ನು ನೋಡಿದ, ಸೂರನ್ನು ನೋಡಿದ, ಬಾಗಿಲೊಳಗೆ ನಾನು ಕಟ್ಟಿಟ್ಟ ಗಂಟುಗಳನ್ನು ನೋಡಿದ. ನನ್ನ ಹತ್ತಿರ ಇರಬೇಕು ಎಂದು ಪಟ್ಟಣದ ಕೋಣೆ ಬಿಟ್ಟುಕೊಟ್ಟವನು, ತಾನು ಬರುವುದರಿಂದಲೇ ನಾನು ಹೋಗಲು ದಾರಿಯಾಯಿತು ಎಂದು ಆಗ ಅರಿತುಕೊಂಡ. ಮೊದಲೇ ಒಂದು ಮಾತು ಹೇಳಿದ್ದರೆ! ನಾನಾದರೂ ಹೇಳಿದ್ದರೆ! ಎತ್ತು ಏರಿಗೆ, ಕೋಣ ನೀರಿಗೆ. ಮದುವೆಯಲ್ಲೂ ಹೀಗೆ, ಮದುವೆ ಮುರಿದ ಮೇಲೂ ಹೀಗೇ.

ನಾನು ಕಾದೆ. ಈಗ ಕೇಳುತ್ತಾನೆ, ಈಗ ಕೇಳದೆ ಎಲ್ಲಿಗೆ ಹೋಗುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತಾ ಕೂತೆ.

"ತೊಟ್ಟಿ ಸೋರುತ್ತಾ?" ಎಂದ.

ಕೈಯಲ್ಲಿದ್ದ ಚಾಕುವನ್ನು ಎಸೆಯಲಿಲ್ಲ, ಅದು ನನ್ನ ಪುಣ್ಯ, ಅವನದೂ. "ಸೋರಲ್ಲ," ಎಂದೆ. "ನಾನು ಮಾಡಿದ್ದು ಸೋರಲ್ಲ."

ಆಮೇಲೆ ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ರಬ್ಬರಿಗೆ ತೂತು ಕೊರೆದೆ. ಸುಟ್ಟ ವಾಸನೆಗೆ ಒಬ್ದೂಲಿಯಾಳ ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಬಿಲ್ಲೆ ಇಟ್ಟು, ಪಟ್ಟಿ ಕೊಟ್ಟು, ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸಿದೆ. ಒಂದರ ಪಕ್ಕದ್ದನ್ನು ಬಿಗಿಯಬಾರದು, ಎದುರುಬದಿಯದ್ದನ್ನು ಬಿಗಿಯಬೇಕು, ಸ್ವಲ್ಪ ಇಲ್ಲಿ ಸ್ವಲ್ಪ ಅಲ್ಲಿ. ಒಂದೇ ಕಡೆ ಜೋರು ಮಾಡಿದರೆ ಸ್ಪ್ರಾಕೆಟ್ ಓರೆಯಾಗಿ ಕೂರುತ್ತದೆ. ಅವನು ಚಕ್ರ ತಿರುಗಿಸಿದ, ನಾನು ಸೀಮೆಸುಣ್ಣದ ತುಂಡನ್ನು ಹಲ್ಲಿನ ಹತ್ತಿರ ಅಲುಗದಂತೆ ಹಿಡಿದೆ. ಸುಣ್ಣ ತಾಗಿದ ಕಡೆ ಉಬ್ಬಿದೆ ಎಂದು ಅರ್ಥ. ಅಲ್ಲಿ ಮರದ ತುಂಡಿಟ್ಟು ಮೆಲ್ಲಗೆ ಬಡಿದು ಸರಿಸಿದೆ. ಮತ್ತೆ ತಿರುಗಿಸಿದ, ಮತ್ತೆ ಬಡಿದೆ. ಹೇಳದೆಯೇ ಅವನ ಕೈ ನನ್ನ ಕೈಗೆ ಬೇಕಾದಾಗ ನಿಲ್ಲುತ್ತಿತ್ತು, ಬೇಕಾದಾಗ ತಿರುಗುತ್ತಿತ್ತು. ಕೈಗಳಿಗೆ ಇರುವ ಬುದ್ಧಿ ಬಾಯಿಗೆ ಇದ್ದಿದ್ದರೆ ನಮ್ಮ ಸಂಸಾರ ಹೀಗೇಕೆ ಆಗುತ್ತಿತ್ತು ಎಂದು ಸಂಕಟವಾಯಿತು. ಕೊನೆಗೆ ಸುಣ್ಣ ಎಲ್ಲಾ ಹಲ್ಲಿಗೂ ಒಂದೇ ಸಮ ತಾಗಿತು.

"ಸೇತುವೆ ತನಕ ಹೋಗಿ ಬಾ," ಎಂದೆ. "ಹೊಸ ರಬ್ಬರು ಒಂದು ಸಲ ಓಡಿದ್ರೆ ಒತ್ತಿ ಕೂರುತ್ತೆ, ಬೋಲ್ಟು ಸಡಿಲ ಆಗುತ್ತೆ. ಇನ್ನೊಂದ್ಸಲ ಬಿಗಿದೇ ಕಳಿಸ್ಬೇಕು. ಚೈನಿಗೆ ಎಣ್ಣೆ ಸುರೀಬೇಡ ಇನ್ಮೇಲೆ. ಬಟ್ಟೆಗೆ ಹಚ್ಚಿ ಒರೆಸು, ಸಾಕು."

"ಇಷ್ಟು ದಿನ ಹೇಳ್ಲೇ ಇಲ್ಲ," ಎಂದ ಅವನು.

"ನೀನು ಕೇಳ್ಲೇ ಇಲ್ಲ," ಎಂದೆ ನಾನು.

ಏರಿನಲ್ಲೇ ಹೊರಟ. ಇಂಜಿನ್ನು ಕಿರುಚಲಿಲ್ಲ, ಚಕ್ರ ಒಂದಿಷ್ಟೂ ಜಾರಲಿಲ್ಲ. ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತು ಸದ್ದನ್ನೇ ಕೇಳುತ್ತಿದ್ದೆ. ಸೇತುವೆಯ ಹತ್ತಿರ ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸೇತುವೆ ದಾಟಿತು, ಪಟ್ಟಣದ ದಾರಿ ಹಿಡಿಯಿತು, ಸಣ್ಣದಾಗುತ್ತಾ ಆಗುತ್ತಾ ಕೇಳಿಸದಾಯಿತು. ಬಿಸಿಲು ಇಳಿಯಿತು. ಮಾಡಿಟ್ಟ ಕಾಫಿ ತಣ್ಣಗಾಯಿತು.

ಒಬ್ದೂಲಿಯಾ ಬೀದಿ ದಾಟಿ ಬಂದು ಪಕ್ಕದಲ್ಲಿ ನಿಂತಳು. ಅವಳ ಕಿವಿಗೆ ಎಲ್ಲಾ ಬಿದ್ದಿತ್ತು, ಅವಳ ಕಿವಿಗೆ ಬೀಳದ್ದು ಯಾವುದಿದೆ?

"ಹೋದ್ನಾ?"

"ಹೋದ."

"ನಿನಗೂ ಬಾಯಿದ್ಯಲ್ಲೇ. ನೀನೇ ಕರೀಬಹುದಿತ್ತಲ್ಲ?"

"ಎಷ್ಟು ಸಲ ಅಕ್ಕ? ಎಷ್ಟು ಸಲ ನಾನೇ?"

ಅವಳು ನನ್ನ ಕೈಯಿಂದ ಸ್ಪ್ಯಾನರ್ ತೆಗೆದು ಕಿಟಕಿಯ ಮೇಲಿಟ್ಟಳು. ನಾನು ಅವಳ ಹೆಗಲಿಗೆ ಒರಗಿ ಅತ್ತೆ. ಅರವತ್ತು ದಾಟಿದ ಹೆಂಗಸು ಬೀದಿಯಲ್ಲಿ ನಿಂತು ಅಳುವುದು ಎಂದರೆ ಹುಡುಗಾಟವಲ್ಲ, ಆದರೂ ಅತ್ತೆ.

ಸೋಮವಾರ ಬರಬಹುದು ಎಂದುಕೊಂಡೆ. ಬೋಲ್ಟು ಇನ್ನೊಂದು ಸಲ ಬಿಗಿಯಬೇಕು, ಅದು ಅವನಿಗೂ ಗೊತ್ತು, ಅದೊಂದು ನೆಪ ಇದ್ದೇ ಇದೆ. ಬರಲಿಲ್ಲ. ಮಂಗಳವಾರ ಯಾವುದೋ ರಿಕಿಂಬಿಲಿಯ ಸದ್ದಿಗೆ ಒಲೆ ಬಿಟ್ಟು ಓಡಿದೆ. ಹಾಲಿನ ಹುಡುಗನದ್ದು. ಬುಧವಾರ ಮಂಚ ಬಿಚ್ಚಿ ಅಂಗಳಕ್ಕೆ ತಂದು ಒರಗಿಸಿದೆ. ಸಮುದ್ರವನ್ನು ನೆನೆದುಕೊಳ್ಳಲು ನೋಡಿದೆ, ಬಾಗಿಲು ತೆಗೆದರೆ ನೀರು ಎಂದು ಹೇಳಿಕೊಂಡೆ. ಮನಸ್ಸು ಮಾತ್ರ ಪಟ್ಟಣದ ದಾರಿಯಲ್ಲೇ ಇತ್ತು.

ಗುರುವಾರ ಬೆಳಗ್ಗೆ ಲಾರಿ ಬಂತು. ಮುಂದೆ ಡ್ರೈವರಿನ ಪಕ್ಕ ಫೆರ್ಮಿನ್. ಹಿಂದೆ ಬಿಚ್ಚಿದ ಮಂಚ, ಒಂದು ಮೇಜು, ಎರಡು ಕುರ್ಚಿ, ಹಗ್ಗ ಬಿಗಿದ ರಿಕಿಂಬಿಲಿ. ಅವುಗಳ ನಡುವೆ ಗಂಟಿನ ಮೇಲೆ ಎವೆಲಿಯೊ. ಒಗೆದ ಅಂಗಿ ಹಾಕಿದ್ದ. ಬೀದಿಯವರೆಲ್ಲಾ ಬಾಗಿಲಿಗೆ ಬಂದರು. ಮನೆ ಬದಲಿಸುವುದೆಂದರೆ ನಮ್ಮಲ್ಲಿ ಸಿನಿಮಾ ಇದ್ದ ಹಾಗೆ, ಯಾರ ಹಾಸಿಗೆ ಹರಿದಿದೆ ಎಂದು ಎಲ್ಲರಿಗೂ ನೋಡಬೇಕು.

"ಬೇಗ ಬೇಗ!" ಎಂದು ಡ್ರೈವರು ಕೂಗಿದ. "ತಾತನ ಸಾಮಾನು ಇಳಿಸಿ, ಅಜ್ಜಿದು ಏರಿಸಿ. ಮಧ್ಯಾಹ್ನಕ್ಕೆ ಹಿಬಾರಾ ಮುಟ್ಬೇಕು."

"ಯಾರೋ ಅಜ್ಜಿ?" ಎಂದೆ. ಯಾರೂ ನಗಲಿಲ್ಲ. ನನ್ನ ದನಿಯೇ ಸರಿ ಇರಲಿಲ್ಲವೇನೋ.

ಕೂಲಿಯವನು ಕುರ್ಚಿ ಇಳಿಸಿ ನೆಲದ ಮೇಲಿಟ್ಟ. ಎವೆಲಿಯೊ ಲಾರಿಯಿಂದ ಇಳಿದು ಬಂದು ಅದನ್ನು ಎತ್ತಿ ಮತ್ತೆ ಲಾರಿಗೆ ಹಾಕಿದ. ಕೂಲಿಯವನು ಮೇಜಿಗೆ ಕೈ ಹಾಕಿದ. ಎವೆಲಿಯೊ ಅವನ ಕೈ ಹಿಡಿದುಕೊಂಡ.

"ಏನಯ್ಯಾ ಇದು?" ಫೆರ್ಮಿನ್ ಬಾಗಿಲು ತೆಗೆದು ಇಳಿದ. "ಈಗ ಬೇಡ ಅಂದ್ರೆ ಐದು ಸಂಸಾರ ಬೀದೀಲಿ ನಿಲ್ಲುತ್ತೆ! ನಿನ್ನ ಪಟ್ಟಣದ ಕೋಣೆಗೆ ಇವತ್ತು ಸಂಜೆ ಬೇರೆಯವ್ರು ಬರ್ತಿದಾರೆ!"

"ಬರ್ಲಿ. ನಾನು ಅಲ್ಲಿಗೆ ವಾಪಸ್ ಹೋಗಲ್ಲ."

"ಮತ್ತೆ ಇಳಿಸೋಕೆ ಬಿಡು!"

ಎವೆಲಿಯೊ ನನ್ನ ಹತ್ತಿರ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಬ್ದೂಲಿಯಾ ನುಚ್ಚಿನ ಬಟ್ಟಲು ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದಳು. ಅವನು ಸೂರು ನೋಡಿದ, ನೆಲ ನೋಡಿದ, ನನ್ನ ಮಂಚದ ಕಾಲು ನೋಡಿದ. ಮತ್ತೆ ತೊಟ್ಟಿಯ ಮಾತು ಎತ್ತಿದರೆ ಇವನ ಮುಖವನ್ನು ಈ ಜನ್ಮದಲ್ಲಿ ನೋಡುವುದಿಲ್ಲ ಎಂದುಕೊಂಡೆ.

"ಅಲ್ಲಿಯ ಕೋಣೆ ಎಷ್ಟು ದೊಡ್ಡದು?" ಎಂದ.

"ನೋಡಿಲ್ಲ."

"ನೋಡ್ದೇನೇ ಒಪ್ಕೊಂಡ್ಯಾ?"

"ಹೂಂ. ನಿನ್ನ ಹಾಗೇ."

ಅವನು ಇನ್ನೂ ಏನೋ ಹುಡುಕುತ್ತಿದ್ದ, ಸಿಗಲಿಲ್ಲ. ಟೋಪಿಯ ಅಂಚನ್ನು ಬೆರಳುಗಳಲ್ಲಿ ಸುತ್ತ ತಿರುಗಿಸಿದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಬ್ರೇಕ್ ಹಿಡಿಯದ ರೈಲಿನಲ್ಲಿ ಸಹ ಇವನು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ತಲೆ ಎತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟ.

"ನಾನೂ ಬರ್ಲಾ, ನೆರೆಯ್ದಾ?"

ಇಡೀ ಬೀದಿಗೆ ಕೇಳಿಸಿತು. ಇಷ್ಟು ವರ್ಷ ಒಂದು ಪ್ರಶ್ನೆಗೆ ಕಾದಿದ್ದೆನೇ ಹೊರತು, ಅದು ಬಂದಾಗ ಏನು ಉತ್ತರ ಕೊಡಬೇಕೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಡ್ರೈವರು ಹಾರ್ನ್ ಹೊಡೆದ. ಎವೆಲಿಯೊ ಅಲ್ಲಾಡದೆ ಕಾಯುತ್ತಿದ್ದ, ಈಗ ಕಾಯುವ ಸರದಿ ಅವನದಾಗಿತ್ತು.

ನಾನು ಲಾರಿ ಹತ್ತಿದೆ. ಅವನ ಮಂಚದ ಚೌಕಟ್ಟು ಹಿಡಿದು, ಇದ್ದಬದ್ದ ಬಲವನ್ನೆಲ್ಲಾ ಹಾಕಿ, ಒಳಗಿನ ಹಲಗೆಗೆ ತಾಗುವ ತನಕ ತಳ್ಳಿದೆ. ಪಕ್ಕದಲ್ಲಿ ಇನ್ನೊಂದು ಮಂಚಕ್ಕೆ ಜಾಗವಾಯಿತು.

"ನಿಂತ್ಕೊಂಡು ಏನ್ ನೋಡ್ತೀಯ?" ಎಂದೆ. "ನನ್ನ ಮಂಚ ಎತ್ತಿ ಕೊಡು."